ಮೀಠಿಯ ನೆರೆ, ಊರಿನ ಕಡಲು: ಭೂಮಿಯ ಬಿಸಿಯನ್ನು ತಡೆಯಲು ಸಾಧ್ಯವೇ?

ಮುಂಬಯಿ: 2005ರ ಜುಲೈ 26. ಮಹಾನಗರದ ತುಳು-ಕನ್ನಡಿಗರಿಗೆ ಈ ದಿನಾಂಕವನ್ನು ಯಾರೂ ನೆನಪಿಸಿಕೊಡಬೇಕಾಗಿಲ್ಲ. ಅಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಹೊತ್ತಿಗೆ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ಕುರ್ಲಾ, ಕಲೀನಾ, ಸಾಕಿನಾಕಾ ಪರಿಸರದಲ್ಲಿ ನೆಲಮಾಳಿಗೆಗಳು ಮುಳುಗಿದವು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಕಚೇರಿಗೆ ಹೋದವರು ಮರುದಿನ ಸೊಂಟದ ಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು. ರಾಜ್ಯದಲ್ಲಿ ಆ ನೆರೆಗೆ ಬಲಿಯಾದವರ ಸಂಖ್ಯೆ ಸಾವಿರವನ್ನು ಮೀರಿತು.

ಅಂದಿನಿಂದ ಇಂದಿನವರೆಗೆ ಮಳೆಗಾಲ ಬಂತೆಂದರೆ ಒಂದೇ ಚರ್ಚೆ. ಇದು ಪ್ರಕೃತಿಯ ಮುನಿಸೇ, ಪಾಲಿಕೆಯ ನಿರ್ಲಕ್ಷ್ಯವೇ ಅಥವಾ ಜಗತ್ತೆಲ್ಲ ಮಾತನಾಡುತ್ತಿರುವ ಹವಾಮಾನ ಬದಲಾವಣೆಯೇ? 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 11ರ ಬದಲು ಮೇ 26ರಂದೇ ಮುಂಬಯಿಗೆ ಕಾಲಿಟ್ಟು, ವರ್ಲಿಯ ಹೊಸ ಭೂಗತ ಮೆಟ್ರೋ ನಿಲ್ದಾಣಕ್ಕೆ ನೀರು ನುಗ್ಗಿದಾಗ ಇದೇ ಪ್ರಶ್ನೆ ಮತ್ತೆ ಎದ್ದಿತು. ಭಾನುವಾರದ ಸಂಘದ ಸಭೆ ಮುಗಿದು ಊಟದ ಸಾಲಿನಲ್ಲಿ ನಿಂತಾಗಲೂ ಈ ಮಾತು ಬರುವುದುಂಟು. ಒಬ್ಬರು ಇದೆಲ್ಲ ಉತ್ಪ್ರೇಕ್ಷೆ ಎನ್ನುತ್ತಾರೆ. ಮತ್ತೊಬ್ಬರು ತಪ್ಪು ಅಮೆರಿಕದ್ದು, ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುತ್ತಾರೆ. ಮೂರನೆಯವರದು ನಿಟ್ಟುಸಿರು: ಇನ್ನು ಏನು ಮಾಡಿಯೂ ಪ್ರಯೋಜನವಿಲ್ಲ, ಕಾಲ ಮಿಂಚಿದೆ. ಈ ಮೂರು ಮಾತುಗಳಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಪರಿಶೀಲಿಸುವುದು ಸೂಕ್ತ.

ನದಿಯ ತಪ್ಪೋ, ಮೋಡದ ತಪ್ಪೋ?

ವಿಹಾರ್ ಮತ್ತು ಪೊವಾಯಿ ಕೆರೆಗಳ ಹೆಚ್ಚುವರಿ ನೀರನ್ನು ಹೊತ್ತು ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಖಾರಿ ಸೇರುವ ಮೀಠಿ ನದಿಯನ್ನು ಮುಂಬಯಿ ಬಹುಕಾಲ ಚರಂಡಿಯಂತೆಯೇ ಕಂಡಿತು. ವಿಮಾನ ನಿಲ್ದಾಣದ ಬಳಿ ನದಿಯ ಪಾತ್ರವನ್ನು ತಿರುಗಿಸಲಾಯಿತು. ಬಾಂದ್ರಾ-ಕುರ್ಲಾ ಸಂಕೀರ್ಣಕ್ಕಾಗಿ ಅದರ ದಡದ ಜೌಗು ನೆಲವನ್ನು ತುಂಬಲಾಯಿತು. ಬ್ರಿಟಿಷರ ಕಾಲದ ಮಳೆನೀರು ಚರಂಡಿಗಳು ಗಂಟೆಗೆ ಸುಮಾರು 25 ಮಿಲಿಮೀಟರ್ ಮಳೆಯನ್ನು ಮಾತ್ರ ಸಾಗಿಸಬಲ್ಲವು, ಅದನ್ನು 50ಕ್ಕೆ ಏರಿಸಬೇಕು ಎಂಬ ವರದಿ 1993ರಲ್ಲೇ ಪಾಲಿಕೆಯ ಕೈಸೇರಿತ್ತು. ಕೆಲಸ ಮಾತ್ರ ಕಡತದಲ್ಲೇ ಉಳಿಯಿತು. ಆದ್ದರಿಂದ 2005ರ ನೆರೆಯ ಹೊಣೆಯನ್ನೆಲ್ಲ ಹವಾಮಾನದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. 1974ರ ಜುಲೈಯಲ್ಲಿ ಕೊಲಾಬಾದಲ್ಲಿ ಒಂದೇ ದಿನ 575 ಮಿಲಿಮೀಟರ್ ಮಳೆ ಸುರಿದ ದಾಖಲೆಯೂ ಇದೆ. ಭಾರೀ ಮಳೆ ಮುಂಬಯಿಗೆ ಹೊಸತಲ್ಲ.

ಹಾಗಾದರೆ ಬದಲಾದದ್ದೇನು? ಬದಲಾದದ್ದು ಇಂತಹ ಮಳೆ ಬರುವ ಸಾಧ್ಯತೆ. ಬಿಸಿಯಾದ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಡಿಗ್ರಿ ಉಷ್ಣತೆ ಏರಿದರೆ ಸುಮಾರು ಶೇ. 7ರಷ್ಟು ಹೆಚ್ಚು. ಆ ಆವಿ ಒಮ್ಮೆಗೇ ಸುರಿದಾಗ ಮಳೆಯ ಬಿರುಸು ಹೆಚ್ಚುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟು ಹೆಚ್ಚಿವೆ. ಬಿಸಿಯಾಗುತ್ತಿರುವ ಅರಬ್ಬಿ ಸಮುದ್ರದಿಂದ ಬರುವ ತೇವಾಂಶದ ಏರಿಳಿತವೇ ಇದಕ್ಕೆ ಕಾರಣ ಎಂದು ಅವರು ತೋರಿಸಿದರು. ಇದೇ ಅರಬ್ಬಿ ಸಮುದ್ರದಲ್ಲಿ 2020ರ ಜೂನ್‌ನಲ್ಲಿ ನಿಸರ್ಗ, 2021ರ ಮೇಯಲ್ಲಿ ತೌಕ್ತೆ ಚಂಡಮಾರುತಗಳು ಎದ್ದವು. ತೌಕ್ತೆ ಮಂಗಳೂರು-ಉಡುಪಿಯ ಕಡಲತೀರವನ್ನು ಕೊರೆದು, ಮುಂಬಯಿಯಲ್ಲಿ ಮರಗಳನ್ನು ಉರುಳಿಸಿ ಗುಜರಾತಿನತ್ತ ಸಾಗಿತು. ಊರಿನಲ್ಲಿರುವ ಅಣ್ಣನೂ ಮುಂಬಯಿಯಲ್ಲಿರುವ ತಮ್ಮನೂ ಒಂದೇ ಬಿರುಗಾಳಿಯ ಬಗ್ಗೆ ಫೋನಿನಲ್ಲಿ ಮಾತನಾಡಿದ ದಿನಗಳವು.

ಹೀಗೆ ನೋಡಿದರೆ ಎರಡೂ ವಾದಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಆಕಾಶದಿಂದ ಬೀಳುವ ನೀರು ಹೆಚ್ಚುತ್ತಿದೆ. ನೆಲದ ಮೇಲೆ ಅದು ಹರಿಯುವ ದಾರಿ ಕಿರಿದಾಗುತ್ತಿದೆ. ಎರಡೂ ಸೇರಿದಾಗ ಕುರ್ಲಾದ ಚಾಳಿನೊಳಗೆ ನೀರು ಬರುತ್ತದೆ.

ತಪ್ಪಿದ ಒಂದು ಇಸವಿ

ಇದೆಲ್ಲ ಉತ್ಪ್ರೇಕ್ಷೆ ಎನ್ನುವವರು ಉದಾಹರಿಸುವ ಪ್ರಸಂಗವೊಂದಿದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ 1988ರಲ್ಲಿ ಸ್ಥಾಪನೆಯಾದ ಹವಾಮಾನ ಬದಲಾವಣೆಯ ಅಂತರ್‌ಸರಕಾರಿ ಸಮಿತಿಯು ತನ್ನ 2007ರ ವರದಿಯಲ್ಲಿ, ಹಿಮಾಲಯದ ಹಿಮನದಿಗಳು 2035ರ ವೇಳೆಗೆ ಮಾಯವಾಗಬಹುದು ಎಂದು ಬರೆದಿತ್ತು. ಆ ವರ್ಷವೇ ಸಮಿತಿಗೆ ನೊಬೆಲ್ ಶಾಂತಿ ಪುರಸ್ಕಾರವೂ ಲಭಿಸಿತು. 2009ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ನಿವೃತ್ತ ಅಧಿಕಾರಿ ವಿ. ಕೆ. ರೈನಾ ಅವರು ಇದನ್ನು ಪ್ರಶ್ನಿಸುವ ಪ್ರಬಂಧ ಸಿದ್ಧಪಡಿಸಿದರು. ಚಿಕ್ಕಮಗಳೂರಿನಲ್ಲಿ ಜನಿಸಿದ, ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅದನ್ನು ಬಿಡುಗಡೆಗೊಳಿಸಿದರು. ಸಮಿತಿಯ ಅಧ್ಯಕ್ಷರಾಗಿದ್ದ ಆರ್. ಕೆ. ಪಚೌರಿ ಕಟುವಾಗಿ ಪ್ರತಿಕ್ರಿಯಿಸಿದರು. ಆದರೆ 2010ರ ಜನವರಿಯಲ್ಲಿ ಸಮಿತಿಯೇ 2035ರ ಮಾತಿಗೆ ಆಧಾರವಿಲ್ಲವೆಂದು ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಬೇಕಾಯಿತು.

ಪ್ರಶ್ನಿಸಿದವರು ಸರಿಯಾಗಿದ್ದರು, ಸಂದೇಹವಿಲ್ಲ. ಆದರೆ ಇಸವಿ ತಪ್ಪಿದ ಮಾತ್ರಕ್ಕೆ ಹಿಮ ಕರಗುವುದು ನಿಂತಿತೇ? 2019ರಲ್ಲಿ ಕಾಠ್ಮಂಡುವಿನ ಅಂತಾರಾಷ್ಟ್ರೀಯ ಪರ್ವತಾಭಿವೃದ್ಧಿ ಕೇಂದ್ರ ಹೊರತಂದ ಸಮಗ್ರ ಅವಲೋಕನದ ಪ್ರಕಾರ, ಭೂಮಿಯ ಉಷ್ಣತೆಯ ಏರಿಕೆಯನ್ನು 1.5 ಡಿಗ್ರಿಗೆ ಮಿತಿಗೊಳಿಸಿದರೂ ಹಿಂದೂಕುಶ್-ಹಿಮಾಲಯದ ಹಿಮನದಿಗಳ ಮೂರನೇ ಒಂದು ಭಾಗ ಈ ಶತಮಾನದ ಅಂತ್ಯಕ್ಕೆ ನಷ್ಟವಾಗಲಿದೆ. ದಿನಾಂಕದ ಬಗ್ಗೆ ವಾದವಿರಬಹುದು, ದಿಕ್ಕಿನ ಬಗ್ಗೆ ಇಲ್ಲ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯಲಾರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಇಂಗಾಲದ ಡೈ ಆಕ್ಸೈಡ್ ಇತ್ತು. 2024ರಲ್ಲಿ ಅದರ ಸರಾಸರಿ 424 ದಾಟಿತು. ಕೈಗಾರಿಕಾ ಯುಗದ ಮುನ್ನ ಅದು ಸುಮಾರು 280. ಈ ಅಳತೆಗೆ ರಾಜಕೀಯವಿಲ್ಲ.

ಮಾಡಿದವರು ಒಬ್ಬರು, ಉಣ್ಣುವವರು ಮತ್ತೊಬ್ಬರು

ಎರಡನೆಯ ಮಾತಿನಲ್ಲಿ ನ್ಯಾಯದ ದೊಡ್ಡ ಪ್ರಶ್ನೆಯಿದೆ. 1991ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಜಗತ್ತಿನ ಮುಂದೆ ಇದನ್ನು ಸ್ಪಷ್ಟವಾಗಿ ಇಟ್ಟರು. ಬಡ ರೈತನ ಗದ್ದೆಯಿಂದ ಏಳುವ ಅನಿಲವನ್ನೂ ಶ್ರೀಮಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಬದುಕಿನ ಅಗತ್ಯವೇ ಬೇರೆ, ಐಷಾರಾಮವೇ ಬೇರೆ ಎಂಬುದು ಅವರ ವಾದ. ಭಾರತದ ಸರಕಾರಗಳು, ಪಕ್ಷ ಯಾವುದೇ ಇರಲಿ, ಅಂತಾರಾಷ್ಟ್ರೀಯ ಸಮ್ಮೇಳನಗಳಲ್ಲಿ ಬಹುತೇಕ ಇದೇ ನಿಲುವನ್ನು ಮಂಡಿಸುತ್ತ ಬಂದಿವೆ.

ಅಂಕಿಅಂಶಗಳು ಈ ವಾದದ ಪರವಾಗಿವೆ. ಅಮೆರಿಕದ ಪ್ರಜೆಯೊಬ್ಬ ವರ್ಷಕ್ಕೆ ಸರಾಸರಿ 14 ಟನ್‌ನಷ್ಟು ಇಂಗಾಲದ ಡೈ ಆಕ್ಸೈಡ್‌ಗೆ ಕಾರಣನಾದರೆ, ಭಾರತೀಯನ ಪಾಲು ಸುಮಾರು 2 ಟನ್. ಕೈಗಾರಿಕಾ ಯುಗದಿಂದ ಈವರೆಗೆ ಕೂಡಿಬಿದ್ದ ಹೊಗೆಯಲ್ಲಿ ಅಮೆರಿಕದ ಪಾಲು ಸುಮಾರು ನಾಲ್ಕನೇ ಒಂದು. ಆ ದೇಶ ಪ್ಯಾರಿಸ್ ಒಪ್ಪಂದದಿಂದ 2020ರಲ್ಲಿ ಹೊರಬಂತು, 2021ರಲ್ಲಿ ಮರಳಿತು, 2025ರ ಜನವರಿಯಲ್ಲಿ ಮತ್ತೆ ಹೊರಬರುವ ಆದೇಶಕ್ಕೆ ಅದರ ಅಧ್ಯಕ್ಷರು ಸಹಿ ಹಾಕಿದರು. ಇಂತಹ ಹೊಯ್ದಾಟ ಕಂಡಾಗ ನಮಗೇಕೆ ಈ ಉಸಾಬರಿ ಎನಿಸುವುದು ಸಹಜ.

ಆದರೆ ಇದೇ ವಾದವನ್ನು ನಮ್ಮ ಮನೆಬಾಗಿಲಿಗೆ ತಂದು ನೋಡಬೇಕಾಗಿದೆ. ತಲಾ 2 ಟನ್ ಎಂಬುದು ಸರಾಸರಿ. ಧಾರಾವಿಯ ಜೋಪಡಿಯಲ್ಲಿ ಒಂದು ಫ್ಯಾನಿನಡಿ ಮಲಗುವವನೂ, ಮೂರು ಹವಾನಿಯಂತ್ರಕ, ಎರಡು ಕಾರುಗಳಿರುವ ಗಗನಚುಂಬಿಯ ನಿವಾಸಿಯೂ ಅದರೊಳಗೆ ಸೇರಿದ್ದಾರೆ. ಜಗತ್ತಿನ ಮುಂದೆ ಬಡವನ ಹೆಸರಿನಲ್ಲಿ ನ್ಯಾಯ ಕೇಳಿ, ಮನೆಯೊಳಗೆ ಅವನ ಪಾಲನ್ನೂ ನಾವೇ ಖರ್ಚು ಮಾಡುವುದು ಸರಿಯೇ? ನೀರು ಬಂದಾಗ ಮೊದಲು ಮುಳುಗುವುದು ಮೀಠಿಯ ದಡದ ಜೋಪಡಿಯೇ, ಹದಿನೆಂಟನೇ ಮಾಳಿಗೆಯಲ್ಲ. ಅಮೆರಿಕ ತಪ್ಪು ಮಾಡಿದೆ ಎಂಬುದು ನಿಜ. ಹಾಗೆಂದು ಅರಬ್ಬಿ ಸಮುದ್ರ ನಮಗೆ ರಿಯಾಯಿತಿ ಕೊಡುವುದಿಲ್ಲ.

ಕಾಲ ಮಿಂಚಿದೆಯೇ?

ಮೂರನೆಯ ಮಾತು ಅತ್ಯಂತ ಅಪಾಯಕಾರಿ, ಯಾಕೆಂದರೆ ಅದು ಕೇಳಲು ಬುದ್ಧಿವಂತಿಕೆಯ ಮಾತಿನಂತಿದೆ. 2024 ದಾಖಲೆಯ ಅತ್ಯಂತ ಬಿಸಿ ವರ್ಷವೆನಿಸಿತು. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ ಆ ವರ್ಷದ ಸರಾಸರಿ ಉಷ್ಣತೆ ಕೈಗಾರಿಕಾ ಯುಗದ ಮುನ್ನ ಇದ್ದುದಕ್ಕಿಂತ ಸುಮಾರು 1.55 ಡಿಗ್ರಿ ಅಧಿಕ. ಒಂದು ವರ್ಷ ಗೆರೆ ದಾಟಿದರೆ ಪ್ಯಾರಿಸ್ ಒಪ್ಪಂದದ ಗುರಿ ಮುರಿದಂತಲ್ಲ, ಅದನ್ನು ಅಳೆಯುವುದು ಎರಡು ದಶಕಗಳ ಸರಾಸರಿಯಿಂದ. ಆದರೂ ಗೆರೆ ಹತ್ತಿರವಿದೆ ಎಂಬುದರಲ್ಲಿ ಅನುಮಾನವಿಲ್ಲ.

ಇಲ್ಲಿ 'ತಡೆಯುವುದು' ಎಂಬ ಪದದ ಅರ್ಥವನ್ನು ಬಿಡಿಸಿ ನೋಡಬೇಕು. ಈಗಾಗಲೇ ಏರಿದ ಬಿಸಿಯನ್ನು ನಮ್ಮ ಆಯುಷ್ಯದಲ್ಲಿ ಇಳಿಸಲು ಆಗದು. ಸಾಗರದ ಮಟ್ಟ 1901ರಿಂದ 2018ರೊಳಗೆ ಜಾಗತಿಕವಾಗಿ ಸುಮಾರು 20 ಸೆಂಟಿಮೀಟರ್ ಏರಿದೆ. ಹೊಗೆ ನಿಂತರೂ ಅದು ಶತಮಾನಗಳ ಕಾಲ ಏರುತ್ತಲೇ ಇರುತ್ತದೆ. ಆದರೆ ಉಷ್ಣತೆ ಮುಂದೆಯೂ ಏರುತ್ತ ಹೋಗುವುದನ್ನು ನಿಲ್ಲಿಸಬಹುದು. ಇಂಗಾಲದ ನಿವ್ವಳ ಹೊರಸೂಸುವಿಕೆ ಶೂನ್ಯಕ್ಕೆ ಬಂದಾಗ ಏರಿಕೆಯೂ ಬಹುಮಟ್ಟಿಗೆ ನಿಲ್ಲುತ್ತದೆ ಎಂಬುದು ವಿಜ್ಞಾನಿಗಳ ಇಂದಿನ ತಿಳಿವಳಿಕೆ. ಗಾಡಿಯನ್ನು ಹಿಂದಕ್ಕೆ ಓಡಿಸಲಾಗದು, ಬ್ರೇಕ್ ಮಾತ್ರ ಇದೆ. ಎಷ್ಟು ಬೇಗ ಒತ್ತುತ್ತೇವೆಯೋ ಅಷ್ಟು ಹಾನಿ ಕಡಿಮೆ. 1.5 ಡಿಗ್ರಿಯಲ್ಲಿ ಜಗತ್ತಿನ ಹವಳದ ದಿಬ್ಬಗಳ ಶೇ. 70ರಿಂದ 90 ನಾಶವಾದರೆ, 2 ಡಿಗ್ರಿಯಲ್ಲಿ ಶೇ. 99ಕ್ಕೂ ಹೆಚ್ಚು. ಅರ್ಧ ಡಿಗ್ರಿಯ ಬೆಲೆ ಅಷ್ಟು.

ಬ್ರೇಕ್ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆಯೂ ಇದೆ. ಓಝೋನ್ ಪದರದ ರಂಧ್ರದ ಸುದ್ದಿ ಬಂದಾಗಲೂ ಜಗತ್ತು ಹೀಗೆಯೇ ವಾದ ಮಾಡಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಫ್ರಿಜ್‌ಗಳ ಹಳೆಯ ಅನಿಲಗಳನ್ನು ಹಂತಹಂತವಾಗಿ ಕೈಬಿಡಲಾಯಿತು. ಪದರ ಈಗ ಚೇತರಿಸಿಕೊಳ್ಳುತ್ತಿದೆ. ಹವಾಮಾನದ ವಿಷಯದಲ್ಲೂ ಸಣ್ಣ ತಿರುವು ಕಾಣುತ್ತಿದೆ. 2015ರಲ್ಲಿ ಪ್ಯಾರಿಸ್ ಒಪ್ಪಂದವಾದಾಗ ಶತಮಾನದ ಕೊನೆಗೆ ಉಷ್ಣತೆ 3.5 ಡಿಗ್ರಿಯ ಸಮೀಪಕ್ಕೆ ಏರಬಹುದೆಂಬ ಅಂದಾಜಿತ್ತು. ಈಗ ಜಾರಿಯಲ್ಲಿರುವ ನೀತಿಗಳೇ ಮುಂದುವರಿದರೆ ಏರಿಕೆ ಸುಮಾರು 2.8 ಡಿಗ್ರಿ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2025ರ ವರದಿ ಹೇಳಿದೆ. 2.8 ಕೂಡ ಭೀಕರವೇ. ಆದರೆ ಏನು ಮಾಡಿಯೂ ಪ್ರಯೋಜನವಿಲ್ಲ ಎಂಬ ಮಾತು ಇಲ್ಲಿಗೆ ಸುಳ್ಳಾಯಿತು.

ಈ ಬದಲಾವಣೆಯಲ್ಲಿ ಕರ್ನಾಟಕದ ಪಾಲೂ ಇದೆ. ಮಳೆ ಕಾಣದ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ 2019ರ ಕೊನೆಗೆ ಪೂರ್ಣಗೊಂಡಿತು. ರೈತರ ಭೂಮಿಯನ್ನು ಕೊಳ್ಳದೆ ವಾರ್ಷಿಕ ಗೇಣಿಗೆ ಪಡೆದದ್ದು ಇದರ ವಿಶೇಷ. ಭೂಮಿಯಿಲ್ಲದ ಕೂಲಿಕಾರರಿಗೆ ಗೇಣಿ ಸಿಗಲಿಲ್ಲ ಎಂಬ ಟೀಕೆಯೂ ಇದೆ. 2010ರ ಕೊನೆಯಲ್ಲಿ ದೇಶದ ಸೌರ ಹರಾಜಿನಲ್ಲಿ ಯೂನಿಟ್‌ಗೆ ಅತಿ ಕಡಿಮೆ ದರ 10 ರೂಪಾಯಿ 95 ಪೈಸೆ. 2017ರಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. 2025ರ ಮಧ್ಯಭಾಗದಲ್ಲಿ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳ ಹೊರತಾದ ಮೂಲಗಳದ್ದಾಯಿತು. ಸಾಮರ್ಥ್ಯ ಬೇರೆ, ನಿಜವಾದ ಉತ್ಪಾದನೆ ಬೇರೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಹೆಚ್ಚಿನ ಪಾಲು ಈಗಲೂ ಕಲ್ಲಿದ್ದಲಿನದೇ. ದೇಶದ ನಿವ್ವಳ ಶೂನ್ಯದ ಗುರಿ 2070.

ಊರಿನ ಕಡಲು

ಮುಂಬಯಿಯ ಕನ್ನಡಿಗನಿಗೆ ಈ ವಿಷಯದಲ್ಲಿ ಎರಡು ಮನೆಗಳ ಚಿಂತೆ. ಇಲ್ಲಿಯ ಬಿಡಾರದ್ದೊಂದು, ಊರಿನ ಮನೆಯದ್ದೊಂದು. ಉಳ್ಳಾಲ, ಸೋಮೇಶ್ವರ, ಉಚ್ಚಿಲ, ಕಾಪು, ಮರವಂತೆ ಎಂಬ ಹೆಸರುಗಳು ಮಳೆಗಾಲದಲ್ಲಿ ಕಡಲ್ಕೊರೆತದ ಸುದ್ದಿಯೊಂದಿಗೇ ಬರುತ್ತವೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಅಧ್ಯಯನದಂತೆ ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ, ಕರ್ನಾಟಕದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಕೊರೆತಕ್ಕೆ ಒಳಗಾಗಿದೆ. ಇಲ್ಲಿಯೂ ಎಲ್ಲವೂ ಬಿಸಿಯ ಫಲವಲ್ಲ. ಬಂದರಿನ ತಡೆಗೋಡೆಗಳು ಮರಳಿನ ಸಂಚಾರವನ್ನು ತಡೆದಿವೆ. ನದಿಗಳಿಂದ ಮರಳು ಎತ್ತಿದ್ದರಿಂದ ಕಡಲಿಗೆ ಸೇರಬೇಕಾದ ಮರಳು ಸೇರುತ್ತಿಲ್ಲ. ಒಂದೆಡೆ ಕಲ್ಲು ಹಾಕಿದರೆ ಪಕ್ಕದ ತೀರದಲ್ಲಿ ಕೊರೆತ ಆರಂಭವಾದ ದೂರುಗಳಿವೆ. ಏರುವ ಕಡಲು ಈ ತಪ್ಪುಗಳ ದಂಡವನ್ನು ಬಡ್ಡಿ ಸಮೇತ ವಸೂಲು ಮಾಡುತ್ತಿದೆ.

ಮುಂಬಯಿಯಿಂದ ಊರಿಗೆ ಹೋಗುವ ಹೆದ್ದಾರಿಯಲ್ಲೇ, ಅಂಕೋಲಾ ಸಮೀಪದ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದದ್ದನ್ನು ಮರೆಯುವಂತಿಲ್ಲ. ಹೆದ್ದಾರಿಗಾಗಿ ಗುಡ್ಡವನ್ನು ಕಡಿದಾಗಿ ಕತ್ತರಿಸಲಾಗಿತ್ತು, ಮೇಲಿನಿಂದ ಎಡೆಬಿಡದ ಮಳೆ. ಉಡುಪಿ ಜಿಲ್ಲೆಯ ಎಲ್ಲೂರಿನ 1200 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದ ವಿರುದ್ಧ ವರ್ಷಗಳ ಕಾಲ ಊರಿನಲ್ಲಿ ಹೋರಾಟ ನಡೆಯಿತು, ಮುಂಬಯಿಯ ಕನ್ನಡಿಗರೂ ದನಿಗೂಡಿಸಿದರು. ಆಗ ಚರ್ಚೆಯಾದದ್ದು ಹೆಚ್ಚಾಗಿ ಹಾರುಬೂದಿ, ಉಪ್ಪುನೀರು, ಮಲ್ಲಿಗೆ ಕೃಷಿಯ ಬಗ್ಗೆ. ಅದು ನ್ಯಾಯಯುತವೇ. ಆದರೆ ಮುಂಬಯಿಯ ನಮ್ಮ ದೀಪಗಳೂ ಟ್ರಾಂಬೆ, ಡಹಾಣುಗಳ ಕಲ್ಲಿದ್ದಲಿನಿಂದ ಉರಿಯುತ್ತಿವೆ. ಊರಿನಲ್ಲಿ ಬೇಡವೆಂದ ಹೊಗೆಯನ್ನು ಇಲ್ಲಿ ಯಾರದೋ ಊರಿನ ಮೇಲೆ ಬಿಡುತ್ತಿದ್ದೇವೆ ಎಂಬುದನ್ನೂ ಯೋಚಿಸಬೇಕಾಗುತ್ತದೆ.

ಸಂಘ-ಸಂಸ್ಥೆಗಳ ಮುಂದೆ

ಮುಂಬಯಿ ಪಾಲಿಕೆ 2022ರ ಮಾರ್ಚ್‌ನಲ್ಲಿ ತನ್ನ ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿ, ದೇಶದ ಗುರಿಗಿಂತ ಎರಡು ದಶಕ ಮೊದಲೇ, 2050ಕ್ಕೆ ನಿವ್ವಳ ಶೂನ್ಯ ತಲುಪುವುದಾಗಿ ಹೇಳಿತು. ಕಾಗದದ ಮೇಲಿನ ಈ ಮಾತು ನಿಜವಾಗಬೇಕಾದರೆ ಪ್ರತಿ ವಾರ್ಡಿನಲ್ಲೂ ಕೇಳುವವರಿರಬೇಕು. ಮಳೆಗಾಲಕ್ಕೆ ಮುನ್ನ ನಾಲೆಯ ಹೂಳೆತ್ತಿದ್ದಾರೆಯೇ, ಕಡಿದ ಮರದ ಬದಲು ನೆಟ್ಟ ಮರ ಬದುಕಿದೆಯೇ ಎಂದು ಕೇಳುವ ನಾಗರಿಕರ ಸಾಲಿನಲ್ಲಿ ಕನ್ನಡ ಸಂಘಗಳೂ ಇರಬಾರದೇಕೆ?

ರಾತ್ರಿ ಶಾಲೆಗಳನ್ನು ಕಟ್ಟಿ ಹೊಟೇಲು ಕಾರ್ಮಿಕರ ಮಕ್ಕಳನ್ನು, ಕಾರ್ಮಿಕರನ್ನು ಓದಿಸಿದ ಪರಂಪರೆ ಈ ನಗರದ ಕನ್ನಡಿಗರದು. 2005ರ ನೆರೆಯಲ್ಲಿ ಅನ್ನ, ಬಟ್ಟೆ ಹಂಚಿದವರಲ್ಲಿ ಅವರೂ ಇದ್ದರು. ನೆರೆ ಬಂದ ನಂತರ ಅನ್ನ ಹಂಚುವ ಸಂಘಟನೆಗೆ ನೆರೆಗೆ ಮುನ್ನ ಮಾಡಬಹುದಾದ ಕೆಲಸಗಳೂ ಇವೆ. 2024ರಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ವಸತಿ ಸೊಸಾಯಿಟಿಗಳ ಲಿಫ್ಟ್, ಪಂಪು, ದೀಪಗಳಂತಹ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18 ಸಾವಿರ ರೂಪಾಯಿಯಂತೆ ಸಹಾಯಧನ ನಿಗದಿಯಾಯಿತು. ಸೊಸಾಯಿಟಿಗಳ ಕಾರ್ಯಕಾರಿ ಸಮಿತಿಗಳಲ್ಲಿ ನಮ್ಮವರು ಅನೇಕರಿದ್ದಾರೆ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಲು ಯಾರ ಅನುಮತಿಯೂ ಬೇಕಿಲ್ಲ. ಸಂಘಗಳ ಭವನಗಳಿಗೆ ವಸತಿಯ ಸಹಾಯಧನ ದೊರೆಯದು. ಆದರೆ ವರ್ಷವಿಡೀ ಸಮಾರಂಭ ನಡೆಯುವ ಭವನದ ತಾರಸಿ ಖಾಲಿ ಬಿದ್ದಿರುವುದು ಲೆಕ್ಕಪರಿಶೋಧಕರ ಕಣ್ಣಿಗೂ ಬೀಳಬೇಕಾದ ವಿಷಯ.

ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಶತಮಾನೋತ್ಸವಕ್ಕೆ ಮುಂಬಯಿಯಿಂದ ಉದಾರವಾಗಿ ಹಣ ಹೋಗುತ್ತದೆ. ಅದೇ ಊರಿನ ಕೆರೆ ತುಂಬಿಸಿದ್ದಾರೆಯೇ, ಗುಡ್ಡ ಕಡಿಯುತ್ತಿದ್ದಾರೆಯೇ, ಕಡಲಿಗೆ ಕಲ್ಲು ಹಾಕುವ ಮುನ್ನ ಪಕ್ಕದ ತೀರದ ಗತಿ ಏನೆಂದು ಯೋಚಿಸಿದ್ದಾರೆಯೇ ಎಂದು ದಾನಿಗಳು ಒಂದು ಮಾತು ಕೇಳಿದರೆ ಊರು ಉತ್ತರಿಸಲೇಬೇಕಾಗುತ್ತದೆ.

ಇದರಿಂದ ಭೂಮಿಯ ಬಿಸಿ ಇಳಿಯುತ್ತದೆಯೇ? ಒಂದು ಭವನದ ತಾರಸಿಯಿಂದ ಇಳಿಯದು. ಆದರೆ ಹೊಗೆ ಕೂಡಿಬಿದ್ದದ್ದೂ ಒಂದೊಂದೇ ಚಿಮಣಿಯಿಂದ. ತಡೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ದೊರೆಯುವಾಗ ಇಂದು ಸಂಘದ ಬಾಲವಿಭಾಗದಲ್ಲಿ ಕುಣಿಯುತ್ತಿರುವ ಮಕ್ಕಳು ಅಜ್ಜ-ಅಜ್ಜಿಯರಾಗಿರುತ್ತಾರೆ. ಅವರಿಗೆ ಮೀಠಿಯ ದಡದಲ್ಲಿ ಒಣಗಿದ ನೆಲವೂ, ಊರಿನ ಕಡಲತೀರದಲ್ಲಿ ಮನೆಯ ಅಂಗಳವೂ ಉಳಿದಿದ್ದರೆ ಇಂದಿನವರು ಮಾಡಿದ್ದು ವ್ಯರ್ಥವಾಗಲಿಲ್ಲ ಎಂದುಕೊಳ್ಳಬಹುದು.